ದುಬೈಗೆ ಫೋನ್ ಮಾಡೋಕೆ ಯಾವ ದಾರಿ ಒಳ್ಳೇದು?

ಮಂಗಳೂರು, ಉಡುಪಿ, ಭಟ್ಕಳದ ಎಷ್ಟೋ ಮನೆಗಳಲ್ಲಿ ಯುಎಇಗೆ ಫೋನ್ ಮಾಡುವುದು ದಿನದ ಕೆಲಸ. ಆದರೂ ಅಮೆರಿಕದಲ್ಲಿರುವ ಮಗಳ ಜೊತೆ ವಾಟ್ಸಾಪ್‌ನಲ್ಲಿ ಗಂಟೆಗಟ್ಟಲೆ ಮಾತಾಡುವವರೇ ಶಾರ್ಜಾದಲ್ಲಿರುವ ಮಗನನ್ನು ಹಿಡಿಯಲು ಒದ್ದಾಡುತ್ತಾರೆ. ವಿಮಾನದಲ್ಲಿ ಮೂರೂವರೆ ಗಂಟೆಯ ದಾರಿ, ಫೋನಿಗೆ ಮಾತ್ರ ದೂರ. ಕಾರಣ ಎರಡು: ಇಂಟರ್ನೆಟ್ ಕರೆಗೆ ಅಲ್ಲಿನ ಸರ್ಕಾರ ಹಾಕಿರುವ ನಿರ್ಬಂಧ, ಮತ್ತು ಮಾಮೂಲಿ ಐಎಸ್‌ಡಿ ಕರೆಯ ದರ. ಈ ಎರಡರ ನಡುವೆ ಉಳಿದಿರುವ ದಾರಿಗಳು ಹೇಗಿವೆ, ಯಾವುದಕ್ಕೆ ದುಡ್ಡು ಹಾಕಬಹುದು, ಎಲ್ಲಿ ಎಡವುತ್ತಾರೆ ಅನ್ನುವುದು ಈ ವಿಮರ್ಶೆ.

ವಾಟ್ಸಾಪ್: ರಿಂಗ್ ಆಗುತ್ತದೆ, ಮಾತು ಬರುವುದಿಲ್ಲ

ಯುಎಇಯಲ್ಲಿ ವಾಟ್ಸಾಪ್ ಮೆಸೇಜು, ಫೋಟೋ, ವಾಯ್ಸ್ ಮೆಸೇಜು ಎಲ್ಲ ಸಲೀಸು. ಕರೆ ಮಾತ್ರ ಇಲ್ಲ. ಇಂಟರ್ನೆಟ್ ಮೂಲಕ ಕರೆ ಕೊಡುವ ಸೇವೆಗೆ ಅಲ್ಲಿನ ದೂರಸಂಪರ್ಕ ಪ್ರಾಧಿಕಾರ ಟಿಡಿಆರ್‌ಎಯ ಒಪ್ಪಿಗೆ ಬೇಕು. ಒಪ್ಪಿಗೆ ಪಡೆದವರ ಪಟ್ಟಿಯಲ್ಲಿ ವಾಟ್ಸಾಪ್ ಇಲ್ಲ.

ಗೊಂದಲ ಹುಟ್ಟುವುದು ರಿಂಗ್‌ನಿಂದ. ಊರಿನಿಂದ ವಾಟ್ಸಾಪ್ ಕಾಲ್ ಮಾಡಿದರೆ ದುಬೈನ ಫೋನ್ ಎಷ್ಟೋ ಸಲ ರಿಂಗ್ ಆಗುತ್ತದೆ. ಎತ್ತಿದರೆ ‘ಕನೆಕ್ಟಿಂಗ್’ ಅಂತ ತೋರಿಸುತ್ತಾ ನಿಂತುಬಿಡುತ್ತದೆ, ಆಮೇಲೆ ಕಟ್. ಕರೆ ಬಂದಿದೆ ಅನ್ನುವ ಸುದ್ದಿ ಮೆಸೇಜಿನ ದಾರಿಯಲ್ಲೇ ಹೋಗುತ್ತದೆ, ಆ ದಾರಿ ತೆರೆದಿದೆ. ಧ್ವನಿ ಹೋಗುವ ದಾರಿ ಬೇರೆ, ಅದನ್ನು ಅಲ್ಲಿನ ನೆಟ್‌ವರ್ಕ್ ತಡೆಯುತ್ತದೆ. ಊರಲ್ಲಿ ಕೂತವರಿಗೆ ‘ಎತ್ತಿ ಇಟ್ಟುಬಿಟ್ಟ’ ಅಂತ ಬೇಜಾರು, ಅಲ್ಲಿದ್ದವನಿಗೆ ‘ಎತ್ತಿದರೂ ಕೇಳಲಿಲ್ಲ’ ಅಂತ ತಲೆಬಿಸಿ. ನಿಮ್ಮ ಇಂಟರ್ನೆಟ್ ಎಷ್ಟೇ ಚೆನ್ನಾಗಿರಲಿ, ಫೋನ್ ಬದಲಿಸಿ, ಆ್ಯಪ್ ಅಳಿಸಿ ಮತ್ತೆ ಹಾಕಿ, ಏನೂ ಪ್ರಯೋಜನವಿಲ್ಲ. ಎರಡು ತುದಿಯಲ್ಲಿ ಒಂದು ತುದಿ ಯುಎಇಯ ಇಂಟರ್ನೆಟ್‌ನಲ್ಲಿದ್ದರೆ ಸಾಕು, ಕರೆ ಸಾಯುತ್ತದೆ.

‘ದುಬೈಯಲ್ಲಿ ವಾಟ್ಸಾಪ್ ಕಾಲ್ ಓಪನ್ ಆಯ್ತಂತೆ’ ಅನ್ನುವ ಫಾರ್ವರ್ಡ್ ಆಗಾಗ ಬರುತ್ತಿರುತ್ತದೆ. ಕೆಲವರಿಗೆ ಕೆಲವು ದಿನ ಕರೆ ಹೋದದ್ದೂ ಉಂಟು. ಅದನ್ನು ನಂಬಿ ಬೇರೆ ಆ್ಯಪ್ ಅಳಿಸಬೇಡಿ.

ವಿಪಿಎನ್ (ಫೋನಿನ ಇಂಟರ್ನೆಟ್ಟನ್ನು ಬೇರೆ ಕಡೆಯ ಕಂಪ್ಯೂಟರ್ ಮೂಲಕ ಸುತ್ತಿಸುವ ವ್ಯವಸ್ಥೆ) ಹಾಕಿದರೆ ಆಯ್ತಲ್ಲ ಅನ್ನುವವರಿಗೆ ಒಂದು ಮಾತು. ಕಂಪನಿಗಳು, ಬ್ಯಾಂಕುಗಳು ತಮ್ಮ ಒಳಗಿನ ಕೆಲಸಕ್ಕೆ ವಿಪಿಎನ್ ಬಳಸುವುದಕ್ಕೆ ಅಲ್ಲಿ ಅಡ್ಡಿಯಿಲ್ಲ. ಆದರೆ ಅಪರಾಧ ಮಾಡಲು ಅಥವಾ ಅದು ಪತ್ತೆಯಾಗದಂತೆ ಮಾಡಲು ಇಂಟರ್ನೆಟ್‌ನಲ್ಲಿ ಫೋನಿನ ಗುರುತಾದ ಐಪಿ ವಿಳಾಸ ಮರೆಮಾಚಿದರೆ 2021ರ ಸೈಬರ್ ಅಪರಾಧ ಕಾನೂನಿನ ಪ್ರಕಾರ ದಂಡ 5 ಲಕ್ಷದಿಂದ 20 ಲಕ್ಷ ದಿರ್ಹಮ್. ಅಮ್ಮನ ಜೊತೆ ಮಾತಾಡಿದವರನ್ನೆಲ್ಲ ಹಿಡಿಯುತ್ತಾರೆ ಅಂತಲ್ಲ. ಆದರೆ ವೀಸಾದ ಮೇಲೆ ಬದುಕುವವರು ಐದು ಲಕ್ಷ ದಿರ್ಹಮ್ ಎದುರಿಟ್ಟುಕೊಂಡು ಲೆಕ್ಕ ಹಾಕುವ ಆಟ ಇದಲ್ಲ. ಉಚಿತ ವಿಪಿಎನ್ ಆ್ಯಪ್‌ಗಳ ಕೈಗೆ ಫೋನಿನ ಇಂಟರ್ನೆಟ್ ಪೂರಾ ಕೊಡುವುದು ಇನ್ನೊಂದು ಅಪಾಯ.

ಬೋಟಿಮ್: ಊರಿನ ಫೋನ್ ಸರಿಮಾಡಿದರೆ ಒಳ್ಳೇ ಸೇವೆ

ಅಲ್ಲಿ ಒಪ್ಪಿಗೆ ಇರುವ ಆ್ಯಪ್‌ಗಳಲ್ಲಿ ಹೆಚ್ಚು ಜನ ಬಳಸುವುದು ಬೋಟಿಮ್. 2018ರ ಹೊತ್ತಿಗೆ ಇದನ್ನು ಬಳಸಲು ಅಲ್ಲಿನ ಮೊಬೈಲ್ ಕಂಪನಿ ಎತಿಸಲಾತ್‌ನ ಇಂಟರ್ನೆಟ್ ಕಾಲಿಂಗ್ ಪ್ಯಾಕ್‌ಗೆ ತಿಂಗಳಿಗೆ ಮೊಬೈಲಿನಲ್ಲಿ 50 ದಿರ್ಹಮ್, ಮನೆಯ ಬ್ರಾಡ್‌ಬ್ಯಾಂಡಿಗೆ 100 ದಿರ್ಹಮ್ ಕೊಡಬೇಕಿತ್ತು. ಅಂಥ ಪ್ಯಾಕ್ ಹಳೇ ರೀಚಾರ್ಜ್ ಜೊತೆ ಅಂಟಿಕೊಂಡು ತಾನಾಗಿ ನವೀಕರಣವಾಗುತ್ತಿದೆಯೇ ಅಂತ ಅಲ್ಲಿರುವವರು ತಮ್ಮ ಮೊಬೈಲ್ ಕಂಪನಿಯ ಆ್ಯಪ್‌ನಲ್ಲಿ ಒಮ್ಮೆ ನೋಡಲಿ. ಪ್ಯಾಕ್ ಇಲ್ಲದೆ ಕರೆ ಹೋಗುತ್ತದೆಯೇ ಅಂತ ಪರೀಕ್ಷಿಸಿ, ಹೋದರೆ ಪ್ಯಾಕ್ ನಿಲ್ಲಿಸಲಿ.

ಇದರಲ್ಲಿ ಕರೆ ಹೋಗಲು ಎರಡೂ ಕಡೆ ಆ್ಯಪ್ ಇರಬೇಕು. ಧ್ವನಿಯ ಗುಣಮಟ್ಟ ಚೆನ್ನಾಗಿದೆ. ಊರಿನ ಕಡೆ 4ಜಿ ಒಂದೆರಡು ಕಡ್ಡಿಗೆ ಇಳಿದಾಗ ವಿಡಿಯೋ ಆಫ್ ಮಾಡಿದರೆ ಮಾತು ಕಡಿಯದೆ ನಡೆಯುತ್ತದೆ. ಬರೀ ಮಾತಿಗೆ ನಿಮಿಷಕ್ಕೆ ಸುಮಾರು ಅರ್ಧದಿಂದ ಒಂದು ಎಂಬಿ ಡೇಟಾ ಸಾಕು, ವಿಡಿಯೋಗೆ ಅದರ ಹಲವು ಪಟ್ಟು. ದಿನಕ್ಕೆ ಒಂದೂವರೆ ಜಿಬಿ ಇರುವ ರೀಚಾರ್ಜ್‌ನಲ್ಲಿ ಬರೀ ಮಾತು ಎಷ್ಟು ಆಡಿದರೂ ಮುಗಿಯುವುದಿಲ್ಲ.

ಬೋಟಿಮ್ ಬಗ್ಗೆ ಕೇಳುವ ದೂರು ಹೆಚ್ಚಾಗಿ ಒಂದೇ: ‘ಊರಲ್ಲಿ ರಿಂಗೇ ಆಗಲ್ಲ.’ ಇದು ಆ್ಯಪ್‌ಗಿಂತ ಹೆಚ್ಚಾಗಿ ಊರಿನ ಫೋನಿನ ಬ್ಯಾಟರಿ ಉಳಿಸುವ ವ್ಯವಸ್ಥೆಯ ಕಿತಾಪತಿ. ಶಓಮಿ, ವಿವೋ, ಒಪ್ಪೋ, ರಿಯಲ್‌ಮಿ ಫೋನುಗಳು ಸ್ವಲ್ಪ ಹೊತ್ತು ಮುಟ್ಟದ ಆ್ಯಪ್ ಅನ್ನು ಹಿಂದಿನಿಂದ ಮುಚ್ಚಿಬಿಡುತ್ತವೆ. ವಾಟ್ಸಾಪ್‌ಗೆ ಸಾಮಾನ್ಯವಾಗಿ ವಿನಾಯಿತಿ ಇರುತ್ತದೆ, ಬೋಟಿಮ್‌ಗೆ ನೀವೇ ಕೊಡಬೇಕು. ಸೆಟ್ಟಿಂಗ್ಸ್‌ನಲ್ಲಿ ಆ್ಯಪ್ಸ್‌ಗೆ ಹೋಗಿ ಬೋಟಿಮ್ ತೆರೆಯಿರಿ. ‘ಆಟೋಸ್ಟಾರ್ಟ್’ ಆನ್ ಮಾಡಿ. ಬ್ಯಾಟರಿ ಅನ್ನುವಲ್ಲಿ ‘ನೋ ರಿಸ್ಟ್ರಿಕ್ಷನ್ಸ್’ ಅಥವಾ ‘ಅನ್‌ರಿಸ್ಟ್ರಿಕ್ಟೆಡ್’ ಆರಿಸಿ. ಶಓಮಿ ಫೋನಾದರೆ ‘ಅದರ್ ಪರ್ಮಿಷನ್ಸ್’ ಒಳಗೆ ‘ಶೋ ಆನ್ ಲಾಕ್ ಸ್ಕ್ರೀನ್’, ಹಿಂದಿನಿಂದ ಪಾಪ್‌ಅಪ್ ತೋರಿಸುವ ಅನುಮತಿ, ಈ ಎರಡನ್ನೂ ಕೊಡಿ. ಇಲ್ಲದಿದ್ದರೆ ಸದ್ದು ಬಂದರೂ ಎತ್ತುವ ಬಟನ್ ಪರದೆಯ ಮೇಲೆ ಬರುವುದಿಲ್ಲ, ಅಮ್ಮ ಕೈಯಲ್ಲಿ ಫೋನ್ ಹಿಡಿದು ಹುಡುಕುತ್ತಲೇ ಇರುತ್ತಾರೆ. ಇಷ್ಟು ಮಾಡಿ ಪರದೆ ಲಾಕ್ ಮಾಡಿ, ಅರ್ಧ ಗಂಟೆ ಬಿಟ್ಟು ಆ ಕಡೆಯಿಂದ ಕರೆ ಮಾಡಿಸಿ ನೋಡಿ. ಕೂಡಲೇ ಪರೀಕ್ಷಿಸಿದರೆ ಯಾವ ಫೋನಾದರೂ ಪಾಸಾಗುತ್ತದೆ. ರಜೆಗೆ ಊರಿಗೆ ಬಂದವರು ಹೊರಡುವ ಮುಂಚೆ ಮಾಡಬೇಕಾದ ಕೆಲಸ ಇದು, ಅಬುಧಾಬಿಯಲ್ಲಿ ಕೂತು ಫೋನಿನಲ್ಲಿ ಹೇಳಿಕೊಟ್ಟು ಮಾಡಿಸುವುದು ಕಷ್ಟ.

ಇನ್ನೊಂದು ಕೊರತೆ: ಬೋಟಿಮ್ ಈಗ ಬರೀ ಕರೆಯ ಆ್ಯಪ್ ಅಲ್ಲ. ದುಡ್ಡು ಕಳಿಸುವುದು, ಬಿಲ್ ಕಟ್ಟುವುದು ಅಂತ ಪರದೆ ತುಂಬಾ ಬಟನ್. ವಯಸ್ಸಾದವರು ಎಲ್ಲೋ ಒತ್ತಿ ಎಲ್ಲೋ ಹೋಗುತ್ತಾರೆ. ಎತಿಸಲಾತ್‌ನ ಗೋಚಾಟ್ ಸಹ ಇದೇ ದಾರಿ ಹಿಡಿದಿದೆ. ಊರಿನವರ ಫೋನಿನಲ್ಲಿ ಎರಡೆರಡು ಆ್ಯಪ್ ಹಾಕಿ ಗೊಂದಲ ಮಾಡುವುದಕ್ಕಿಂತ ಒಂದನ್ನೇ ಸರಿಯಾಗಿ ಕೂರಿಸಿ. ಹಳೇ ಫೋನಿನಲ್ಲಿ ಟೊಟಾಕ್ ಅನ್ನುವ ಕರೆಯ ಆ್ಯಪ್ ಇನ್ನೂ ಉಳಿದಿದ್ದರೆ ತೆಗೆದುಹಾಕಿ. ಬೇಹುಗಾರಿಕೆಯ ಆರೋಪದ ಮೇಲೆ 2019ರ ಡಿಸೆಂಬರ್‌ನಲ್ಲಿ ಗೂಗಲ್ ಮತ್ತು ಆ್ಯಪಲ್ ಅದನ್ನು ತಮ್ಮ ಅಂಗಡಿಯಿಂದ ಕೆಳಗಿಳಿಸಿದ್ದವು.

ಮೀಟ್, ಜೂಮ್, ಟೀಮ್ಸ್

2020ರ ಕೋವಿಡ್ ಕಾಲದಲ್ಲಿ ಪಾಠ ಮತ್ತು ಕಚೇರಿ ಕೆಲಸಕ್ಕೆಂದು ಇವಕ್ಕೆ ಅಲ್ಲಿ ದಾರಿ ಬಿಟ್ಟರು. ಮನೆಯವರ ಜೊತೆ ವಾರಕ್ಕೊಮ್ಮೆ ಕೂತು ಮಾತಾಡಲು ಗೂಗಲ್ ಮೀಟ್ ಒಳ್ಳೆಯದು. ಉಚಿತ ಖಾತೆಯಲ್ಲಿ ಇಬ್ಬರೇ ಇದ್ದರೆ ಸಮಯದ ಚಿಂತೆಯಿಲ್ಲ, ಮೂವರು ಅಥವಾ ಹೆಚ್ಚು ಜನ ಇದ್ದರೆ 60 ನಿಮಿಷ. ಜೂಮ್‌ನ ಉಚಿತ ಖಾತೆ 40 ನಿಮಿಷಕ್ಕೆ ಕಟ್ ಮಾಡುತ್ತದೆ. ಒಂದೇ ಲಿಂಕ್ ಮಾಡಿ ವಾಟ್ಸಾಪ್ ಗ್ರೂಪಿನಲ್ಲಿ ಪಿನ್ ಮಾಡಿಟ್ಟರೆ ಪ್ರತಿ ಸಲ ಹುಡುಕಬೇಕಿಲ್ಲ. ಆದರೆ ಲಿಂಕಿನ ಕರೆ ರಿಂಗ್ ಆಗುವುದಿಲ್ಲ, ಹೊತ್ತು ಮೊದಲೇ ಗೊತ್ತುಮಾಡಿಕೊಳ್ಳಬೇಕು. ನಮಗಿಂತ ಅಲ್ಲಿ ಒಂದೂವರೆ ಗಂಟೆ ಹಿಂದೆ. ಮಂಗಳೂರಿನಲ್ಲಿ ರಾತ್ರಿ 9 ಆದರೆ ದುಬೈನಲ್ಲಿ ಸಂಜೆ 7.30, ಡ್ಯೂಟಿ ಮುಗಿಸಿ ಬಸ್ಸಿನಲ್ಲಿರುವ ಹೊತ್ತು. 2022ರಿಂದ ಅಲ್ಲಿನ ಸರ್ಕಾರಿ ವಾರದ ರಜೆ ಶನಿವಾರ, ಭಾನುವಾರಕ್ಕೆ ಬದಲಾಗಿದೆ. ಶುಕ್ರವಾರ ಅರ್ಧ ದಿನ ಕೆಲಸ. ಶಾರ್ಜಾದಲ್ಲಿ ಮಾತ್ರ ಶುಕ್ರವಾರವೂ ರಜೆ.

ಸ್ಕೈಪ್ ನೆಚ್ಚಿಕೊಂಡವರಿಗೆ: 2025ರ ಮೇ 5ಕ್ಕೆ ಅದು ಮುಚ್ಚಿತು.

ಊರಿಂದ ನೇರ ಐಎಸ್‌ಡಿ: ದುಬಾರಿ, ಆದರೆ ಕೈಕೊಡುವುದಿಲ್ಲ

ಇಂಟರ್ನೆಟ್ ಇಲ್ಲದ ಕಡೆ, ತುರ್ತಿನ ಹೊತ್ತು, ಆಸ್ಪತ್ರೆಯಿಂದ, ಕೀಪ್ಯಾಡ್ ಫೋನಿನಿಂದ, ಅಲ್ಲಿನ ಕಂಪನಿಯ ಲ್ಯಾಂಡ್‌ಲೈನಿಗೆ, ಇಂಥಲ್ಲೆಲ್ಲ ಮಾಮೂಲಿ ಕರೆಯೇ ಗತಿ. ಗುಣಮಟ್ಟದಲ್ಲಿ ಯಾವ ಆ್ಯಪ್‌ಗೂ ಇದು ಕಡಿಮೆಯಿಲ್ಲ. ದರ ಮಾತ್ರ ಕಣ್ಣು ಕುಕ್ಕುತ್ತದೆ. 2024ರ ಅಕ್ಟೋಬರಿನಲ್ಲಿ ಜಿಯೋ ತಂದ ಏಳು ದಿನದ ಐಎಸ್‌ಡಿ ನಿಮಿಷದ ಪ್ಯಾಕ್‌ಗಳಲ್ಲಿ ಅಮೆರಿಕ, ಕೆನಡಾಕ್ಕೆ ₹39ಕ್ಕೆ 30 ನಿಮಿಷ. ಯುಎಇ, ಸೌದಿ, ಕುವೈತ್, ಬಹ್ರೇನ್ ಇರುವ ಪ್ಯಾಕ್‌ನಲ್ಲಿ ₹99ಕ್ಕೆ 10 ನಿಮಿಷ. ನಿಮಿಷದ ಲೆಕ್ಕದಲ್ಲಿ ಏಳು ಪಟ್ಟಿಗಿಂತ ಹೆಚ್ಚು.

ಯಾಕಿಷ್ಟು ಅಂತರ? ಇಲ್ಲಿಂದ ಹೊರಟ ಕರೆಯನ್ನು ಅಲ್ಲಿನ ಫೋನಿಗೆ ಮುಟ್ಟಿಸಲು ಅಲ್ಲಿನ ಕಂಪನಿಗೆ ನಿಮಿಷಕ್ಕಿಷ್ಟು ಅಂತ ಕೊಡಬೇಕು. ಅಮೆರಿಕದಲ್ಲಿ ಈ ಶುಲ್ಕ ತೀರಾ ಕಡಿಮೆ, ಗಲ್ಫ್‌ನಲ್ಲಿ ಹೆಚ್ಚು. ಹೊರದೇಶದಿಂದ ಭಾರತಕ್ಕೆ ಬರುವ ಕರೆಗೆ ನಮ್ಮ ಕಂಪನಿಗಳು ಪಡೆಯಬಹುದಾದ ಶುಲ್ಕವನ್ನು ನಮ್ಮ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2020ರ ಮೇ 1ರಿಂದ ನಿಮಿಷಕ್ಕೆ 35ರಿಂದ 65 ಪೈಸೆಯ ಒಳಗೆ ಇಟ್ಟಿದೆ. ಅಂದರೆ ಅಲ್ಲಿಂದ ಇಲ್ಲಿಗೆ ಕರೆ ದುಬಾರಿ ಅನಿಸಿದರೆ ಅದಕ್ಕೆ ಕಾರಣ ಈ ಕಡೆಯದಲ್ಲ.

ಪ್ಯಾಕ್ ಹಾಕಿಸುವ ಮುಂಚೆ ತಿಳಿದಿರಬೇಕಾದ ಸಂಗತಿ: ನಿಮ್ಮ ‘ಅನ್‌ಲಿಮಿಟೆಡ್’ ರೀಚಾರ್ಜ್ ಭಾರತದೊಳಗಿನ ಕರೆಗೆ ಮಾತ್ರ. ಅದು ಚಾಲ್ತಿಯಲ್ಲಿದ್ದರೂ ಟಾಕ್‌ಟೈಮ್ ಬ್ಯಾಲೆನ್ಸ್ ಸೊನ್ನೆ ಇರುತ್ತದೆ, ಆದ್ದರಿಂದ ಐಎಸ್‌ಡಿ ಹೋಗುವುದಿಲ್ಲ. ‘ಮೊನ್ನೆ ತಾನೇ ರೀಚಾರ್ಜ್ ಮಾಡಿಸಿದ್ದೀನಲ್ಲ’ ಅಂತ ಅಂಗಡಿಯವನ ಜೊತೆ ಜಗಳವಾಡಿ ಫಲವಿಲ್ಲ. ಟಾಪ್‌ಅಪ್ ಬೇಕು ಅಥವಾ ಐಎಸ್‌ಡಿ ಪ್ಯಾಕ್ ಬೇಕು. ಬರೀ ಟಾಪ್‌ಅಪ್‌ನಲ್ಲಿ ಮಾಡುವುದಾದರೆ ನಿಮ್ಮ ಕಂಪನಿಯ ಆ್ಯಪ್‌ನಲ್ಲಿ ಯುಎಇ ದರ ನೋಡಿಯೇ ಒತ್ತಿ. ಲೆಕ್ಕ ಸಾಮಾನ್ಯವಾಗಿ ನಿಮಿಷದ್ದು: 61 ಸೆಕೆಂಡ್ ಮಾತಾಡಿದರೆ ಎರಡು ನಿಮಿಷ. ಆದ್ದರಿಂದ ಐದು ಸಣ್ಣ ಕರೆಗಿಂತ ಒಂದು ಉದ್ದದ ಕರೆ ಅಗ್ಗ.

ನಂಬರ್ ಒತ್ತುವುದು

ತಪ್ಪು ಹೆಚ್ಚಾಗಿ ಆಗುವುದು ಸೊನ್ನೆಯಲ್ಲಿ. ಯುಎಇಯಲ್ಲಿ ಮೊಬೈಲ್ ನಂಬರನ್ನು 050, 052, 054, 055, 056, 058 ಅಂತ ಶುರುಮಾಡಿ, ಮುಂದೆ ಏಳು ಅಂಕಿ ಸೇರಿಸಿ ಹೇಳುತ್ತಾರೆ. ವಿಸಿಟಿಂಗ್ ಕಾರ್ಡಿನಲ್ಲೂ ಹಾಗೇ ಇರುತ್ತದೆ. ಊರಿನಿಂದ ಒತ್ತುವಾಗ +971 ಹಾಕಿ, ಆ ಮೊದಲ ಸೊನ್ನೆ ಬಿಟ್ಟು, 50 ಅಂತ ಶುರುಮಾಡಬೇಕು. +971ರ ನಂತರ ಒಟ್ಟು ಒಂಬತ್ತು ಅಂಕಿ, ಹತ್ತು ಬಂದರೆ ಸೊನ್ನೆ ಉಳಿದಿದೆ ಅಂತ ಅರ್ಥ. ಪ್ಲಸ್ ಒತ್ತಲು ಬರದ ಲ್ಯಾಂಡ್‌ಲೈನಿನಲ್ಲಿ 00971.

ಅಲ್ಲಿನ ಲ್ಯಾಂಡ್‌ಲೈನಿಗೂ ಇದೇ ಕ್ರಮ: ದುಬೈ 04, ಅಬುಧಾಬಿ 02, ಅಲ್ ಐನ್ 03, ಶಾರ್ಜಾ ಮತ್ತು ಅಜ್ಮಾನ್ 06, ರಾಸ್ ಅಲ್ ಖೈಮಾ 07, ಫುಜೈರಾ 09. ಹೊರಗಿನಿಂದ ಒತ್ತುವಾಗ ಸೊನ್ನೆ ಇಲ್ಲ. ಲ್ಯಾಂಡ್‌ಲೈನಿನಲ್ಲಿ +971ರ ನಂತರ ಎಂಟೇ ಅಂಕಿ ಬರುತ್ತವೆ, ಅದು ಸರಿಯೇ.

ಅಲ್ಲಿಂದ ಊರಿಗೆ ಮಾಡುವಾಗಲೂ ಅದೇ ತಪ್ಪು. ಮನೆಯ ಮೊಬೈಲಾದರೆ ಹತ್ತು ಅಂಕಿಗೂ ಮೊದಲು +91. ಲ್ಯಾಂಡ್‌ಲೈನಾದರೆ ಮಂಗಳೂರಿನ 0824 ಇದ್ದದ್ದು +91824 ಆಗಬೇಕು, ಉಡುಪಿಯ 0820 ಇದ್ದದ್ದು +91820, ಭಟ್ಕಳದ 08385 ಇದ್ದದ್ದು +918385. ಊರಿಂದ ಹೊರಡುವ ಮುಂಚೆ ಫೋನಿನ ಕಾಂಟ್ಯಾಕ್ಟ್‌ಗಳನ್ನೆಲ್ಲ +91 ಸೇರಿಸಿ ಸೇವ್ ಮಾಡಿಬಿಡಿ. +91 ಹಾಕಿದ ನಂಬರ್ ಇಲ್ಲೂ ಅಲ್ಲೂ ನಡೆಯುತ್ತದೆ, ಬರೀ ಹತ್ತು ಅಂಕಿಯದು ಅಲ್ಲಿ ನಡೆಯುವುದಿಲ್ಲ.

050, 054, 056 ಎತಿಸಲಾತ್‌ನದು, 052, 055, 058 ಡು ಕಂಪನಿಯದು ಅನ್ನುವ ಹಳೇ ಲೆಕ್ಕವನ್ನು ಈಗ ನಂಬುವಂತಿಲ್ಲ. 2013ರಿಂದ ಅಲ್ಲಿ ನಂಬರ್ ಉಳಿಸಿಕೊಂಡೇ ಕಂಪನಿ ಬದಲಿಸಬಹುದು. ಎತಿಸಲಾತ್‌ನ ಮಾತೃ ಕಂಪನಿಯ ಹೆಸರೂ 2022ರಲ್ಲಿ ‘ಇ ಆ್ಯಂಡ್’ ಆಯಿತು, ಜನ ಈಗಲೂ ಎತಿಸಲಾತ್ ಅಂತಲೇ ಹೇಳುತ್ತಾರೆ.

ಅಲ್ಲಿನ ಸಿಮ್‌ನಿಂದ ಊರಿಗೆ

ಅಲ್ಲಿನ ಗುರುತಿನ ಚೀಟಿಯಾದ ಎಮಿರೇಟ್ಸ್ ಐಡಿ ಇದ್ದವರಿಗೆ ಪ್ರೀಪೇಯ್ಡ್ ಸಿಮ್ ಸುಲಭ. ಇಲ್ಲಿ ನೋಡಬೇಕಾದ್ದು ಒಂದೇ: ಪ್ಯಾಕ್‌ನ ನಿಮಿಷಗಳು ‘ಲೋಕಲ್’ ನಿಮಿಷವೋ, ಭಾರತಕ್ಕೂ ನಡೆಯುವ ನಿಮಿಷವೋ. ‘ಫ್ಲೆಕ್ಸಿ’ ಅಂತ ಹೆಸರಿಟ್ಟ ನಿಮಿಷಗಳಲ್ಲಿ ಯಾವ ದೇಶಗಳಿವೆ ಅನ್ನುವ ಪಟ್ಟಿಯನ್ನು ಆ್ಯಪ್‌ನಲ್ಲಿ ತೆರೆದು, ಭಾರತ ಇದೆ ಅಂತ ಕಣ್ಣಾರೆ ನೋಡಿ. ಪ್ಯಾಕ್ ಮುಗಿದ ಕ್ಷಣದಿಂದ ಮಾಮೂಲಿ ದರ, ಅದು ಬ್ಯಾಲೆನ್ಸನ್ನು ಬೇಗ ನುಂಗುತ್ತದೆ. ವಾರದ ಪ್ಯಾಕ್ ತಿಂಗಳ ಪ್ಯಾಕ್‌ಗಿಂತ ಸಣ್ಣ ಮೊತ್ತ ಅನಿಸಿದರೂ ನಿಮಿಷಕ್ಕೆ ಭಾಗಿಸಿ ನೋಡಿ, ಆಮೇಲೆ ತೀರ್ಮಾನಿಸಿ.

ತೀರಾ ಅಗ್ಗದ ಕರೆ ಅಂತ ಯಾರೋ ಕೈಯಲ್ಲಿ ಮಾರುವ ಕಾರ್ಡು, ಗೊತ್ತಿಲ್ಲದ ಆ್ಯಪ್, ಇವುಗಳ ಸಹವಾಸ ಬೇಡ. ಅಂಥ ಕರೆ ಊರಿನ ಫೋನಿನಲ್ಲಿ ಯಾವುದೋ ಭಾರತದ ನಂಬರಾಗಿ ಕಾಣುತ್ತದೆ. ಹೊರದೇಶದ ಕರೆಯನ್ನು ಇಂಟರ್ನೆಟ್‌ನಲ್ಲಿ ತಂದು ಇಲ್ಲಿನ ಸಿಮ್‌ಗಳ ಮೂಲಕ ಲೋಕಲ್ ಕರೆಯಾಗಿ ಹೊರಬಿಡುವ ‘ಸಿಮ್ ಬಾಕ್ಸ್’ ದಂಧೆ ಅದು. 2021ರ ಜೂನ್‌ನಲ್ಲಿ ಬೆಂಗಳೂರಿನಲ್ಲೇ ಪೊಲೀಸರು ಅಂಥದ್ದೊಂದನ್ನು ಹಿಡಿದರು. ಹೊರದೇಶದಿಂದ ಬಂದರೂ ಭಾರತದ ನಂಬರಿನ ವೇಷ ಹಾಕಿದ ಕರೆಗಳನ್ನು ತಡೆಯುವ ವ್ಯವಸ್ಥೆಯನ್ನು 2024ರ ಅಕ್ಟೋಬರಿನಲ್ಲಿ ಕೇಂದ್ರ ದೂರಸಂಪರ್ಕ ಇಲಾಖೆ ಶುರುಮಾಡಿತು. ಮಗ ದುಬೈನಿಂದ ಮಾಡಿದರೆ +971 ಅಂತಲೇ ಬರಬೇಕು ಅನ್ನುವುದು ಮನೆಯವರಿಗೆ ಗೊತ್ತಿರಲಿ. +971 ಇದ್ದ ಮಾತ್ರಕ್ಕೆ ಮಗನೇ ಅಂತ ಅಲ್ಲ ಅನ್ನುವುದೂ ಗೊತ್ತಿರಲಿ. ‘ನಿಮ್ಮ ಮಗ ಪೊಲೀಸರ ಕೈಯಲ್ಲಿದ್ದಾನೆ’ ಅನ್ನುವ ಕರೆ ಬಂದರೆ ಅದನ್ನು ಇಟ್ಟು, ಸೇವ್ ಆಗಿರುವ ನಂಬರಿಗೆ ನೀವೇ ಮಾಡಿ.

ನಾಲ್ಕು ದಿನಕ್ಕೆ ಹೋಗುವವರು

ಸಣ್ಣ ಪ್ರವಾಸಕ್ಕೆ ಭಾರತದ ಸಿಮ್‌ನ ರೋಮಿಂಗ್ ಪ್ಯಾಕ್ ಚೆನ್ನಾಗಿ ಒಪ್ಪುತ್ತದೆ, ಅದಕ್ಕೊಂದು ವಿಶೇಷ ಕಾರಣವೂ ಇದೆ. ರೋಮಿಂಗ್‌ನಲ್ಲಿ ನಿಮ್ಮ ಡೇಟಾ ಸಾಮಾನ್ಯವಾಗಿ ಭಾರತದ ಕಂಪನಿಯ ಮೂಲಕವೇ ಇಂಟರ್ನೆಟ್‌ಗೆ ಹೋಗುತ್ತದೆ. ಹಾಗಾಗಿ ವಾಟ್ಸಾಪ್ ಕರೆ ಬಹುತೇಕ ನಡೆಯುತ್ತದೆ. ಹೋಟೆಲಿನ ವೈಫೈಗೆ ಸೇರಿದ ಕೂಡಲೇ ನಿಲ್ಲುತ್ತದೆ. ‘ಬೆಳಿಗ್ಗೆ ಆಗುತ್ತಿತ್ತು, ರೂಮಿಗೆ ಬಂದಮೇಲೆ ಆಗುತ್ತಿಲ್ಲ’ ಅಂದರೆ ವೈಫೈ ಆಫ್ ಮಾಡಿ ನೋಡಿ. ಆದರೆ ಪ್ಯಾಕ್‌ನ ಡೇಟಾ ಸಣ್ಣದು, ವಿಡಿಯೋ ಕರೆಗೆ ಸುರಿಯಬೇಡಿ.

ಪ್ಯಾಕ್‌ನ ನಿಮಿಷಗಳ ಒಳಗುಟ್ಟು ಓದಿ. ಸಾಮಾನ್ಯವಾಗಿ ಯುಎಇಯೊಳಗಿನ ಕರೆ ಮತ್ತು ಭಾರತಕ್ಕೆ ಮಾಡುವ ಕರೆ ಸೇರಿರುತ್ತದೆ, ಮೂರನೇ ದೇಶಕ್ಕೆ ಮಾಡುವುದು ಸೇರಿರುವುದಿಲ್ಲ. ದುಬೈನಲ್ಲಿದ್ದು ಮಸ್ಕತ್‌ನ ಅಣ್ಣನಿಗೆ ಮಾಡಿದರೆ ಬೇರೆ ದರ. ಒಳಬರುವ ಕರೆಯೂ ಎಷ್ಟೋ ಪ್ಯಾಕ್‌ಗಳಲ್ಲಿ ಅದೇ ನಿಮಿಷಗಳಿಂದಲೇ ಕಳೆಯುತ್ತದೆ. ಸಾಲ ಬೇಕಾ ಸರ್ ಅನ್ನುವ ಕರೆ ಎತ್ತಿದರೂ ನಿಮ್ಮದೇ ನಿಮಿಷ. ಹೊರಡುವ ಮುಂಚೆ ##002# ಒತ್ತಿ ಕಾಲ್ ಫಾರ್ವರ್ಡಿಂಗ್ ಎಲ್ಲ ರದ್ದುಮಾಡಿ. ಇಲ್ಲದಿದ್ದರೆ ನೀವು ಎತ್ತದ ಕರೆ ಅಲ್ಲಿಗೆ ಬಂದು, ಮತ್ತೆ ಭಾರತಕ್ಕೆ ತಿರುಗಿ, ಎರಡು ಸಲ ಲೆಕ್ಕಕ್ಕೆ ಸಿಗಬಹುದು.

ವಿಮಾನ ಏರಿದ ಮೇಲೆ ಫ್ಲೈಟ್ ಮೋಡ್ ಹಾಕುವುದು ದುಡ್ಡಿಗೂ ಒಳ್ಳೆಯದು. ಕೆಲವು ವಿಮಾನಗಳಲ್ಲಿ ಒಳಗೇ ಮೊಬೈಲ್ ನೆಟ್‌ವರ್ಕ್ ಇರುತ್ತದೆ, ಫೋನ್ ಅದಕ್ಕೆ ಅಂಟಿದರೆ ಯುಎಇ ಪ್ಯಾಕ್ ಲೆಕ್ಕಕ್ಕಿಲ್ಲ. ಹಡಗಿನಲ್ಲೂ ಹಾಗೇ. ಹತ್ತಾ ಅನ್ನುವ ಊರಿನ ಕಡೆ, ಅಲ್ ಐನ್ ಪಕ್ಕದ ಗಡಿ ಕಡೆ ಹೋದಾಗ ಫೋನ್ ಒಮಾನಿನ ನೆಟ್‌ವರ್ಕ್ ಹಿಡಿದುಕೊಳ್ಳಬಹುದು. ಅಲ್ಲಿ ನೆಟ್‌ವರ್ಕ್ ಆಯ್ಕೆಯನ್ನು ಆಟೋಮ್ಯಾಟಿಕ್‌ನಿಂದ ಮ್ಯಾನುವಲ್‌ಗೆ ಬದಲಿಸಿ ಎತಿಸಲಾತ್ ಅಥವಾ ಡು ಆರಿಸಿಡಿ.

ವಾರಕ್ಕಿಂತ ಹೆಚ್ಚು ಇರುವವರು ಪಾಸ್‌ಪೋರ್ಟ್ ತೋರಿಸಿ ಟೂರಿಸ್ಟ್ ಸಿಮ್ ಕೊಳ್ಳುವುದು ಲೇಸು. ದುಬೈ ವಿಮಾನ ನಿಲ್ದಾಣದಲ್ಲಿ 2022ರಿಂದ ಪ್ರವಾಸಿಗಳಿಗೆ 24 ಗಂಟೆ, 1 ಜಿಬಿಯ ಡು ಸಿಮ್ ಉಚಿತವಾಗಿ ಕೊಡುತ್ತಿದ್ದರು. ಸಿಕ್ಕರೆ ಟ್ಯಾಕ್ಸಿ ಹಿಡಿಯುವಷ್ಟು ಹೊತ್ತಿಗೆ ಸಾಕು. ಭಾರತದ ಸಿಮ್ ಎರಡನೇ ಸ್ಲಾಟ್‌ನಲ್ಲಿರಲಿ, ಡೇಟಾ ರೋಮಿಂಗ್ ಆಫ್ ಇರಲಿ. ಬ್ಯಾಂಕಿನ ಒಟಿಪಿ ಬರಲು ಮಾತ್ರ ಇಂಟರ್‌ನ್ಯಾಷನಲ್ ರೋಮಿಂಗ್ ಊರಲ್ಲೇ ಆನ್ ಮಾಡಿಸಿಕೊಂಡು ಹೋಗಬೇಕು, ಕೇಳದೆ ಅದು ತಾನಾಗಿ ಶುರುವಾಗುವುದಿಲ್ಲ. ಅಲ್ಲಿಗೆ ಇಳಿದಮೇಲೆ ಆನ್ ಮಾಡಿಸಲು ಒಟಿಪಿ ಬೇಕು, ಒಟಿಪಿ ಬರಲು ರೋಮಿಂಗ್ ಬೇಕು. ಕೆಲಸಕ್ಕೆಂದೇ ಹೋದವರು ಊರಿನ ಸಿಮ್ ಅನ್ನು 90 ದಿನ ಮುಟ್ಟದೆ ಬಿಟ್ಟರೆ ನಂಬರ್ ಕಳೆದುಕೊಳ್ಳುವ ಅಪಾಯವಿದೆ. ಕನಿಷ್ಠ ರೀಚಾರ್ಜ್ ಮನೆಯವರು ಮಾಡಿಸುತ್ತಿರಲಿ.

800 ಮತ್ತು 1800

ಅಲ್ಲಿನ 800ರಿಂದ ಶುರುವಾಗುವ ಟೋಲ್ ಫ್ರೀ ನಂಬರುಗಳು ಊರಿನಿಂದ ಸಾಮಾನ್ಯವಾಗಿ ಹೋಗುವುದಿಲ್ಲ, ನಮ್ಮ ಬ್ಯಾಂಕುಗಳ 1800 ನಂಬರುಗಳು ಅಲ್ಲಿಂದ ಹೋಗುವುದಿಲ್ಲ. ಬ್ಯಾಂಕಿನವರು ಹೊರದೇಶದಲ್ಲಿರುವ ಗ್ರಾಹಕರಿಗೆಂದು +91ರ ಬೇರೆ ನಂಬರ್ ಕೊಟ್ಟಿರುತ್ತಾರೆ, ಕಾರ್ಡಿನ ಹಿಂದೆ ಸಣ್ಣ ಅಕ್ಷರದಲ್ಲಿರುತ್ತದೆ. ಕಾರ್ಡ್ ಕಳೆದಮೇಲೆ ಹುಡುಕುವುದಕ್ಕಿಂತ ಈಗಲೇ ಫೋನಿನಲ್ಲಿ ಬರೆದಿಡಿ. ಯುಎಇಯಲ್ಲಿರುವ ಭಾರತೀಯರ ನೆರವಿನ ಕೇಂದ್ರ, ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ ನಂಬರ್ 800 46342 ಸಹ ಈ ಜಾತಿಯದೇ. ಸಂಬಳ ಸಿಗದವನು, ಪಾಸ್‌ಪೋರ್ಟ್ ಕಂಪನಿಯವರ ಕೈಯಲ್ಲಿ ಸಿಕ್ಕಿಕೊಂಡವನು ಅಲ್ಲಿಂದಲೇ ಅದಕ್ಕೆ ಮಾಡಬೇಕು. ಊರಿನವರು ವಿಚಾರಿಸಬೇಕಾದರೆ ದುಬೈ ಮತ್ತು ಉತ್ತರದ ಎಮಿರೇಟ್‌ಗಳಿಗೆ ದುಬೈನ ಕಾನ್ಸುಲೇಟ್‌ನ +971 4 ನಂಬರು, ಅಬುಧಾಬಿಗೆ ರಾಯಭಾರ ಕಚೇರಿಯ +971 2 ನಂಬರು ಹಿಡಿಯಬೇಕು. ಅಲ್ಲಿನ ತುರ್ತು ನಂಬರುಗಳಾದ ಪೊಲೀಸ್ 999, ಆಂಬುಲೆನ್ಸ್ 998, ಅಗ್ನಿಶಾಮಕ 997 ಊರಿಂದ ಒತ್ತಿದರೆ ಅಲ್ಲಿಗೆ ಮುಟ್ಟುವುದಿಲ್ಲ. ಒಂಟಿಯಾಗಿ ರೂಮಿನಲ್ಲಿರುವವರ ಮನೆಯವರು ಅವರ ಒಬ್ಬ ರೂಮ್‌ಮೇಟ್‌ನ +971 ನಂಬರನ್ನೂ ಬರೆದಿಟ್ಟುಕೊಂಡಿರಬೇಕು, ಮತ್ತು ಅದಕ್ಕೆ ಕರೆ ಮಾಡುವಷ್ಟು ಐಎಸ್‌ಡಿ ಬ್ಯಾಲೆನ್ಸ್ ಒಂದು ಸಿಮ್‌ನಲ್ಲಾದರೂ ಇರಬೇಕು.